ನ್ಯೂ ಹ್ಯಾಂಪ್‌ಶೈರ್‌ನ ಕೆಂಪು ಬೆಟ್ಟಗಳು: ಶರತ್ಕಾಲದ ಪ್ರವಾಸವೊಂದರ ಚರಿತ್ರೆ

ಅಮೆರಿಕ ಸಂಯುಕ್ತ ಸಂಸ್ಥಾನದ ಈಶಾನ್ಯದಲ್ಲಿರುವ ನ್ಯೂ ಹ್ಯಾಂಪ್‌ಶೈರ್ ರಾಜ್ಯದ ಉತ್ತರ ಭಾಗವನ್ನು ವ್ಯಾಪಿಸಿ, ನೆರೆಯ ಮೇನ್ ರಾಜ್ಯದ ಪಶ್ಚಿಮ ಅಂಚಿನವರೆಗೆ ಚಾಚಿಕೊಂಡಿರುವ ವೈಟ್ ಮೌಂಟನ್ಸ್ ಪರ್ವತಶ್ರೇಣಿಯು ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್ ಮಧ್ಯದವರೆಗೆ ತನ್ನ ಹಸಿರನ್ನು ಕಳಚಿ ಕೆಂಪು, ಕಿತ್ತಳೆ, ಹಳದಿ ಬಣ್ಣಗಳನ್ನು ತಾಳುತ್ತದೆ. ಅಕ್ಟೋಬರ್‌ನ ಎರಡನೆಯ ಸೋಮವಾರ ಅಲ್ಲಿ ಸಾರ್ವಜನಿಕ ರಜೆ. ಶನಿವಾರ ಮತ್ತು ಭಾನುವಾರಗಳ ಜೊತೆ ಸೇರಿ ಮೂರು ದಿನಗಳ ಬಿಡುವು ಒದಗುವುದರಿಂದ, ಬಾಸ್ಟನ್ ಮತ್ತು ನ್ಯೂಯಾರ್ಕ್ ಕಡೆಯ ಜನರು ಗೆಳೆಯರನ್ನು ಜೊತೆ ಮಾಡಿಕೊಂಡು ಉತ್ತರಕ್ಕೆ ಕಾರು ಹೊರಡಿಸುತ್ತಾರೆ. ಋತು ತಿರುಗಿದಾಗ ಮರ ಬಣ್ಣ ಬದಲಿಸುವಷ್ಟೇ ಸಹಜವಾಗಿ ಈ ಪ್ರವಾಸವೂ ನಡೆಯುತ್ತದೆ ಎಂದು ನೋಡುವವರಿಗೆ ಅನಿಸಬಹುದು. ಆದರೆ ಮೂರು ದಿನಗಳ ಬಿಡುವಿಗೆ, ಕಾರು ಏರುವ ರಸ್ತೆಗೆ, ಎಲೆಯ ಬಣ್ಣವನ್ನು ನೋಡಲು ಹೋಗಬೇಕೆಂಬ ಅಭಿರುಚಿಗೆ, ಕೊನೆಗೆ ಆ ಕಾಡಿಗೂ ಬೇರೆ ಬೇರೆ ಚರಿತ್ರೆಗಳಿದ್ದು, ಅವೆಲ್ಲವೂ ಒಂದೆಡೆ ಕೂಡಿದ್ದು ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಮಾತ್ರ. ಆದಿಕಾಲದಿಂದ ಹಾಗೆಯೇ ಉಳಿದು ಬಂದಂತೆ ತೋರುವ ಈ ಅರಣ್ಯವು ಬಹುಪಾಲು ಕಡಿದು, ಸುಟ್ಟು, ಆಮೇಲೆ ಸಾರ್ವಜನಿಕ ಹಣದಿಂದ ಕೊಂಡು ಮತ್ತೆ ಬೆಳೆಯಲು ಬಿಟ್ಟ ಅರಣ್ಯವೆಂಬುದು ಈ ಚರಿತ್ರೆಯ ಮುಖ್ಯ ಸಂಗತಿ.

ಬಣ್ಣದ ಕಾರಣವನ್ನು ಮೊದಲು ತಿಳಿದುಕೊಳ್ಳುವುದು ಒಳ್ಳೆಯದು. ಎಲೆಗೆ ಹಸಿರು ಕೊಡುವ ಪತ್ರಹರಿತ್ತು, ಎಂದರೆ ಕ್ಲೋರೋಫಿಲ್, ಬಿಸಿಲಿನಲ್ಲಿ ಸತತವಾಗಿ ಒಡೆಯುತ್ತ ಹೊಸದಾಗಿ ಉತ್ಪತ್ತಿಯಾಗುತ್ತ ಇರುವ ವಸ್ತು. ಹಗಲು ಕುಗ್ಗಿ ರಾತ್ರಿ ತಂಪಾದಾಗ ಮರವು ಅದರ ಉತ್ಪಾದನೆಯನ್ನು ನಿಲ್ಲಿಸಿ, ಎಲೆಯಲ್ಲಿರುವ ಸಾರವನ್ನು ಕಾಂಡಕ್ಕೆ ಹಿಂದೆಗೆದುಕೊಂಡು, ತೊಟ್ಟಿನ ಬುಡದಲ್ಲಿ ಬೇರ್ಪಡೆಯ ಪದರವೊಂದನ್ನು ಕಟ್ಟುತ್ತದೆ. ಆಗ ಎಲೆಯೊಳಗೆ ಮೊದಲಿನಿಂದಲೂ ಅಡಗಿದ್ದ ಕ್ಯಾರೊಟಿನಾಯ್ಡ್ ಎಂಬ ಹಳದಿ ವರ್ಣಕ ಹೊರಗೆ ಕಾಣುತ್ತದೆ. ಮೇಪಲ್ ಜಾತಿಯ ಮರಗಳಲ್ಲಾದರೋ ಆಂಥೊಸಯನಿನ್ ಎಂಬ ಕೆಂಪು ವರ್ಣಕವು ಆ ದಿನಗಳಲ್ಲಿಯೇ ಹೊಸದಾಗಿ ಹುಟ್ಟುತ್ತದೆ. ಕರ್ನಾಟಕದ ಓದುಗರಿಗೆ ಈ ಕೆಂಪು ಅಪರಿಚಿತವೇನಲ್ಲ, ಏಕೆಂದರೆ ಮಾವಿನ ಎಳೆಯ ಚಿಗುರಿಗೆ ತಾಮ್ರದ ಹೊಳಪು ಕೊಡುವುದು ಇದೇ ವರ್ಗದ ವಸ್ತು. ನಮ್ಮಲ್ಲಿ ಅದು ಎಲೆ ಹುಟ್ಟುವಾಗ ಕಾಣಿಸಿದರೆ ಅಲ್ಲಿ ಎಲೆ ಸಾಯುವಾಗ ಕಾಣಿಸುತ್ತದೆ. ಬಂಡೀಪುರ, ಭದ್ರಾ ಕಾಡುಗಳ ತೇಗ, ಮತ್ತಿ ಮರಗಳು ಎಲೆ ಉದುರಿಸುವುದು ಶಿಶಿರದ ನೀರಿನ ಅಭಾವಕ್ಕೆ. ನ್ಯೂ ಹ್ಯಾಂಪ್‌ಶೈರ್‌ನ ಮರಗಳು ಉದುರಿಸುವುದು ಮುಂದೆ ಬರಲಿರುವ ಹೆಪ್ಪುಗಟ್ಟುವ ಚಳಿಗೆ. ಕೆಂಪು ಇಷ್ಟು ಧಾರಾಳವಾಗಿ ಮೂಡುವ ಕಾಡುಗಳು ಮುಖ್ಯವಾಗಿ ಉತ್ತರ ಅಮೆರಿಕದ ಪೂರ್ವ ಭಾಗದಲ್ಲಿ ಮತ್ತು ಜಪಾನ್, ಕೊರಿಯಾ, ಚೀನಾಗಳನ್ನೊಳಗೊಂಡ ಪೂರ್ವ ಏಷ್ಯಾದಲ್ಲಿವೆ. ಯೂರೋಪಿನ ಶರತ್ಕಾಲ ಬಹುಮಟ್ಟಿಗೆ ಹಳದಿಯದು.

ಈ ಶ್ರೇಣಿಯ ಅತ್ಯುನ್ನತ ಶಿಖರವಾದ ಮೌಂಟ್ ವಾಷಿಂಗ್ಟನ್ 6,288 ಅಡಿ ಎತ್ತರವಿದ್ದು, ನಮ್ಮ ಮುಳ್ಳಯ್ಯನಗಿರಿಗಿಂತ ಕೊಂಚ ಕಡಿಮೆಯಾದರೂ, ಅಕ್ಷಾಂಶ ಮತ್ತು ಗಾಳಿಯ ಕಾರಣದಿಂದ ಧ್ರುವಪ್ರದೇಶದ ಹವಾಮಾನವನ್ನು ನೆನಪಿಸುತ್ತದೆ. 1934ರ ಏಪ್ರಿಲ್ 12ರಂದು ಅಲ್ಲಿನ ವೀಕ್ಷಣಾಲಯವು ಗಂಟೆಗೆ 231 ಮೈಲಿ ವೇಗದ ಗಾಳಿಯನ್ನು ಅಳೆದು ದಾಖಲಿಸಿತು. ಇಳಿಜಾರಿನ ಸುಮಾರು 2,500 ಅಡಿಗಳವರೆಗೆ ಮೇಪಲ್, ಬರ್ಚ್, ಬೀಚ್ ಮುಂತಾದ ಅಗಲ ಎಲೆಯ ಮರಗಳೂ, ಅದರ ಮೇಲೆ ಸ್ಪ್ರೂಸ್ ಮತ್ತು ಫರ್ ಎಂಬ ಸೂಜಿ ಎಲೆಯ ನಿತ್ಯಹರಿದ್ವರ್ಣ ಮರಗಳೂ, ಇನ್ನೂ ಮೇಲೆ ಬರಿಯ ಬಂಡೆಯೂ ಇರುವುದರಿಂದ, ಅಕ್ಟೋಬರ್‌ನಲ್ಲಿ ಕಣಿವೆಯಿಂದ ನೋಡುವವರಿಗೆ ಒಂದೇ ಬೆಟ್ಟದ ಮೇಲೆ ಬಣ್ಣದ ಪಟ್ಟಿ, ಕಡುಹಸಿರಿನ ಪಟ್ಟಿ, ಬೂದುಗಲ್ಲಿನ ಪಟ್ಟಿ, ಕೆಲವೊಮ್ಮೆ ಅದರ ತುದಿಗೆ ಮೊದಲ ಹಿಮವೂ ಏಕಕಾಲಕ್ಕೆ ಕಾಣುತ್ತವೆ. ಅಬೆನಾಕಿ ಎಂಬ ಮೂಲನಿವಾಸಿ ಜನರು ಈ ಶಿಖರವನ್ನು ಅಗಿಯೊಚೂಕ್ ಎಂದು ಕರೆದು ಪವಿತ್ರವೆಂದು ಭಾವಿಸಿದ್ದರು. ಯೂರೋಪಿಯನ್ ವಲಸಿಗರಲ್ಲಿ ಮೊದಲು ತುದಿ ಮುಟ್ಟಿದವನು 1642ರಲ್ಲಿ ಡಾರ್ಬಿ ಫೀಲ್ಡ್. ಅದಾದ ಮೇಲೆ ಒಂದೂವರೆ ಶತಮಾನದಷ್ಟು ಕಾಲ ಈ ಬೆಟ್ಟಗಳು ವಲಸಿಗರಿಗೆ ದಾಟಲಾಗದ ಅಡ್ಡಗೋಡೆಯಾಗಿದ್ದವೇ ಹೊರತು ನೋಡಲು ಹೋಗುವ ಸ್ಥಳವಾಗಿರಲಿಲ್ಲ.

ಆ ಗೋಡೆಯಲ್ಲಿ ಬಾಗಿಲು ತೆರೆದದ್ದು ನಾಚ್ ಎಂದು ಅಲ್ಲಿನವರು ಹೇಳುವ ಕಡಿದಾದ ಕಣಿವೆದಾರಿಗಳು. 1771ರಲ್ಲಿ ಟಿಮೊಥಿ ನ್ಯಾಶ್ ಎಂಬ ಬೇಟೆಗಾರ ಮೂಸ್ ಎಂಬ ದೊಡ್ಡ ಕಡವೆಯ ಜಾಡು ಹಿಡಿದು ಹೋಗುವಾಗ ಕಂಡನೆಂದು ಪರಂಪರೆ ಹೇಳುವ ದಾರಿಗೆ, ಮುಂದೆ ಅಲ್ಲಿ ನೆಲೆಸಿದ ಕ್ರಾಫರ್ಡ್ ಮನೆತನದಿಂದ ಕ್ರಾಫರ್ಡ್ ನಾಚ್ ಎಂಬ ಹೆಸರು ಬಂತು. ಏಬಲ್ ಕ್ರಾಫರ್ಡ್ ಮತ್ತು ಅವನ ಮಗ ಈಥನ್ ಅಲೆನ್ ಕ್ರಾಫರ್ಡ್ ಕಣಿವೆಯ ಗಾಡಿದಾರಿಯಲ್ಲಿ ಸರಕು ಸಾಗಿಸುವವರಿಗೆ ಊಟ, ವಸತಿ ಒದಗಿಸುತ್ತಿದ್ದರು. 1819ರಲ್ಲಿ ತಂದೆ ಮಗ ಸೇರಿ ಶಿಖರದ ಕಡೆಗೆ ಕಡಿದ ಕಾಲುದಾರಿಯು ಇಂದಿಗೂ ಬಳಕೆಯಲ್ಲಿದ್ದು, ಅಮೆರಿಕದಲ್ಲಿ ಸತತವಾಗಿ ಉಳಿದುಬಂದ ಅತ್ಯಂತ ಹಳೆಯ ಪರ್ವತ ಕಾಲುದಾರಿಯೆಂದು ಮನ್ನಣೆ ಪಡೆದಿದೆ. ಇದೇ ಕಣಿವೆಯಲ್ಲಿ 1826ರ ಆಗಸ್ಟ್ 28ರ ರಾತ್ರಿ ಭಾರೀ ಮಳೆಗೆ ಗುಡ್ಡ ಕುಸಿಯಿತು. ಸ್ಯಾಮ್ಯುಯೆಲ್ ವಿಲ್ಲಿಯ ಸಂಸಾರದ ಏಳು ಜನ ಮತ್ತು ಇಬ್ಬರು ಆಳುಗಳು ಮನೆ ಬಿಟ್ಟು ಹೊರಗೋಡಿ ಮಣ್ಣಿನಡಿ ಸಿಲುಕಿ ಸತ್ತರು. ಮನೆಯಾದರೋ, ಅದರ ಹಿಂದಿದ್ದ ಬಂಡೆಗೆ ಬಡಿದು ಮಣ್ಣಿನ ಪ್ರವಾಹ ಎರಡಾಗಿ ಸೀಳಿ ಹೋದದ್ದರಿಂದ, ಸ್ವಲ್ಪವೂ ಕೆಡದೆ ನಿಂತಿತ್ತು. ಈ ದುರಂತ ಪತ್ರಿಕೆಗಳ ಮೂಲಕ ದೇಶಕ್ಕೆಲ್ಲ ಹರಡಿ, ಕಥೆಗಾರ ನಥಾನಿಯಲ್ ಹಾಥಾರ್ನ್‌ಗೆ 1835ರ ಒಂದು ಕಥೆಯ ವಸ್ತುವಾಯಿತು. ಭಯವೂ ಸೌಂದರ್ಯವೂ ಒಟ್ಟಿಗೆ ಇರುವ ನೋಟವನ್ನು ಹುಡುಕುತ್ತಿದ್ದ ಅಂದಿನ ಕಲಾವಿದರ ಕಣ್ಣು ಈ ಕಣಿವೆಯ ಮೇಲೆ ಬೀಳಲು ಇದಕ್ಕಿಂತ ಬೇರೆ ಪ್ರೇರಣೆ ಬೇಕಾಗಲಿಲ್ಲ.

ಹಾಗೆ ಬಂದವರಲ್ಲಿ ಪ್ರಮುಖನು ಇಂಗ್ಲೆಂಡಿನಲ್ಲಿ ಹುಟ್ಟಿ ಅಮೆರಿಕಕ್ಕೆ ವಲಸೆ ಬಂದ ಚಿತ್ರಕಾರ ಥಾಮಸ್ ಕೋಲ್. 1827ರಲ್ಲಿ ಮೊದಲ ಬಾರಿ ಬಂದಿದ್ದ ಅವನು 1828ರ ಅಕ್ಟೋಬರ್‌ನಲ್ಲಿ ತನ್ನ ಗೆಳೆಯನೂ ಚಿತ್ರಕಾರನೂ ಆದ ಹೆನ್ರಿ ಚೀವರ್ ಪ್ರ್ಯಾಟ್‌ನ ಜೊತೆಗೆ ಮತ್ತೆ ಬಂದು, ಚೊಕೋರುವಾ ಎಂಬ ಬೋಳುತುದಿಯ ಶಿಖರವನ್ನು ಹತ್ತಿ, ಕಣಿವೆಗಳ ರೇಖಾಚಿತ್ರಗಳನ್ನು ಬರೆದುಕೊಂಡನು. ಸ್ನೇಹಿತನೊಬ್ಬನ ಜೊತೆಗೆ, ವ್ಯಾಪಾರವಾಗಲಿ ಸರಕಾರಿ ಕೆಲಸವಾಗಲಿ ಇಲ್ಲದೆ, ಬೆಟ್ಟವನ್ನೂ ಋತುವನ್ನೂ ನೋಡುವುದಕ್ಕಾಗಿಯೇ ಕೈಗೊಂಡ ಆ ಯಾತ್ರೆಯಲ್ಲಿ ಇಂದಿನ ಪದ್ಧತಿಯ ಆರಂಭದ ರೂಪವೊಂದನ್ನು ಗುರುತಿಸಬಹುದು. 1836ರಲ್ಲಿ ಪ್ರಕಟವಾದ, ಅಮೆರಿಕದ ನಿಸರ್ಗದೃಶ್ಯಗಳನ್ನು ಕುರಿತ ಪ್ರಬಂಧದಲ್ಲಿ ಕೋಲ್ ಶರತ್ಕಾಲಕ್ಕೆ ವಿಶೇಷ ಸ್ಥಾನ ಕೊಟ್ಟು, ಯೂರೋಪಿನ ಅರಮನೆ, ಪಾಳುಕೋಟೆಗಳಿಗೆ ಎದುರಾಗಿ ಅಮೆರಿಕ ತೋರಿಸಬಹುದಾದ ವೈಭವವೆಂದರೆ ಈ ಕಾಡಿನ ಬಣ್ಣವೇ ಎಂಬ ಭಾವನೆಯನ್ನು ಮಂಡಿಸಿದನು. 1839ರಲ್ಲಿ ಅವನು ಬರೆದ ಕ್ರಾಫರ್ಡ್ ನಾಚ್‌ನ ದೊಡ್ಡ ತೈಲಚಿತ್ರವು ಈಗ ವಾಷಿಂಗ್ಟನ್ ನಗರದ ನ್ಯಾಷನಲ್ ಗ್ಯಾಲರಿ ಆಫ್ ಆರ್ಟ್‌ನಲ್ಲಿದೆ. ಮೋಡದ ನೆರಳು ಬಿದ್ದ ಬೆಟ್ಟ, ಅದರ ಬುಡದಲ್ಲಿ ಕೆಂಪು ಹಳದಿಗೆ ತಿರುಗಿದ ಮರಗಳು, ಕಣಿವೆಯ ಕಡೆ ಸಾಗುವ ಒಬ್ಬ ಸಣ್ಣ ಕುದುರೆ ಸವಾರ, ದೂರದ ಒಂಟಿ ಮನೆ ಇವೆಲ್ಲವುಗಳ ಮುಂದೆ, ನೋಡುವವರಿಗೆ ತೀರ ಹತ್ತಿರದಲ್ಲಿ, ಕೊಡಲಿಯಿಂದ ಕಡಿದ ಮರದ ಬೊಡ್ಡೆಗಳನ್ನು ಚಿತ್ರಕಾರ ಇಟ್ಟಿದ್ದಾನೆ. ಮುಂದಿನ ಎಪ್ಪತ್ತು ವರ್ಷಗಳ ಕಥೆಯ ಎರಡೂ ಎಳೆಗಳು, ಎಂದರೆ ಬಣ್ಣದ ಮೋಹ ಮತ್ತು ಕೊಡಲಿ, ಆ ಒಂದೇ ಚಿತ್ರದಲ್ಲಿವೆ.

ಶರತ್ಕಾಲದ ಬಣ್ಣ ಅಮೆರಿಕನ್ನರ ರಾಷ್ಟ್ರೀಯ ಅಭಿಮಾನದ ವಸ್ತುವಾದುದಕ್ಕೆ ಇನ್ನೆರಡು ನಿದರ್ಶನಗಳಿವೆ. ಜಾಸ್ಪರ್ ಕ್ರಾಪ್ಸಿ ಎಂಬ ಚಿತ್ರಕಾರನು ಹಡ್ಸನ್ ನದಿಯ ಶರತ್ಕಾಲವನ್ನು ಬರೆದು 1860ರಲ್ಲಿ ಲಂಡನ್ನಿನಲ್ಲಿ ಪ್ರದರ್ಶಿಸಿದಾಗ, ಮರಗಳು ಇಷ್ಟು ಕೆಂಪಾಗಿರಲು ಸಾಧ್ಯವೇ ಎಂದು ಅಲ್ಲಿನ ಪ್ರೇಕ್ಷಕರು ಸಂಶಯಪಟ್ಟರೆಂದೂ, ಅವನು ಅಮೆರಿಕದಿಂದ ನಿಜವಾದ ಎಲೆಗಳನ್ನು ತರಿಸಿ ಚಿತ್ರದ ಪಕ್ಕದಲ್ಲಿ ಇಟ್ಟನೆಂದೂ ಕಲಾಚರಿತ್ರೆ ಹೇಳುತ್ತದೆ. ಚಿಂತಕ ಹೆನ್ರಿ ಡೇವಿಡ್ ಥೋರೊ 1858ರ ಜುಲೈನಲ್ಲಿ ಗೆಳೆಯ ಎಡ್ವರ್ಡ್ ಹೋರ್‌ನ ಜೊತೆ ಕುದುರೆಗಾಡಿಯಲ್ಲಿ ವೈಟ್ ಮೌಂಟನ್ಸ್‌ಗೆ ಬಂದು ಸಸ್ಯಗಳನ್ನು ಪರಿಶೀಲಿಸಿದವನು. ಶರತ್ಕಾಲದ ಎಲೆಗಳನ್ನೇ ಕುರಿತ ಅವನ ಪ್ರಬಂಧವು, ಅವನು ತೀರಿಕೊಂಡ ಕೆಲವು ತಿಂಗಳ ಮೇಲೆ, 1862ರ ಅಕ್ಟೋಬರ್‌ನಲ್ಲಿ ಅಟ್ಲಾಂಟಿಕ್ ಮಂತ್ಲಿ ಪತ್ರಿಕೆಯಲ್ಲಿ ಪ್ರಕಟವಾಯಿತು. ಯಾವ ಎಲೆ ಯಾವ ವಾರದಲ್ಲಿ ಯಾವ ಬಣ್ಣಕ್ಕೆ ತಿರುಗುತ್ತದೆಂದು ಕ್ರಮವಾಗಿ ನೋಡಬೇಕೆಂಬುದು ಆ ಪ್ರಬಂಧದ ಒತ್ತಾಯ. ಇಂದು ಪ್ರವಾಸೋದ್ಯಮ ಇಲಾಖೆಗಳು ಪ್ರತಿ ವಾರ ಹೊರಡಿಸುವ ಬಣ್ಣದ ನಕ್ಷೆಗಳ ಹಿಂದೆ ಅದೇ ಬಗೆಯ ನೋಡುವಿಕೆಯಿದೆ.

ಆದರೂ ಹತ್ತೊಂಬತ್ತನೆಯ ಶತಮಾನದ ಪ್ರವಾಸಿಗಳಿಗೆ ವೈಟ್ ಮೌಂಟನ್ಸ್ ಬೇಸಿಗೆಯ ತಾಣವೇ ಆಗಿತ್ತು. 1851ರಲ್ಲಿ ರೈಲು ಗೋರಂ ಪಟ್ಟಣವನ್ನು ಮುಟ್ಟಿತು. 1861ರಲ್ಲಿ ಮೌಂಟ್ ವಾಷಿಂಗ್ಟನ್ ತುದಿಗೆ ಗಾಡಿರಸ್ತೆ ತೆರೆಯಿತು. 1869ರಲ್ಲಿ ಸಿಲ್ವೆಸ್ಟರ್ ಮಾರ್ಷ್ ಎಂಬವನ ಪ್ರಯತ್ನದಿಂದ, ಹಳಿಗಳ ನಡುವಿನ ಹಲ್ಲುಪಟ್ಟಿಗೆ ಎಂಜಿನ್ನಿನ ಹಲ್ಲುಗಾಲಿ ಕಚ್ಚಿಕೊಂಡು ಮೇಲೇರುವ ಕಾಗ್ ರೈಲು ಅದೇ ಶಿಖರಕ್ಕೆ ಓಡಿತು. 1875ರಲ್ಲಿ ಕ್ರಾಫರ್ಡ್ ನಾಚ್‌ನ ಬಂಡೆಗೋಡೆಯನ್ನು ಕೊರೆದು ರೈಲುಮಾರ್ಗ ಹಾದುಹೋಯಿತು. ರೈಲಿನ ಹಿಂದೆಯೇ ಗ್ರ್ಯಾಂಡ್ ಹೋಟೆಲ್ ಎಂದು ಹೆಸರಾದ ಬೃಹತ್ ಮರದ ಕಟ್ಟಡಗಳು ಎದ್ದವು. ನಗರದ ಸಿರಿವಂತ ಕುಟುಂಬಗಳು ಪೆಟ್ಟಿಗೆಗಳ ಸಮೇತ ಬಂದು ಜುಲೈ ಆಗಸ್ಟ್ ತಿಂಗಳುಗಳನ್ನು ಅವುಗಳ ಮೊಗಸಾಲೆಗಳಲ್ಲಿ ಕಳೆಯುತ್ತಿದ್ದವು. ಆ ಸಾಲಿನ ಕೊನೆಯ ದೊಡ್ಡ ಕಟ್ಟಡವೇ 1902ರಲ್ಲಿ ಬ್ರೆಟನ್ ವುಡ್ಸ್‌ನಲ್ಲಿ ತೆರೆದ ಮೌಂಟ್ ವಾಷಿಂಗ್ಟನ್ ಹೋಟೆಲ್. 1944ರ ಜುಲೈನಲ್ಲಿ 44 ದೇಶಗಳ ಪ್ರತಿನಿಧಿಗಳು ಕೂಡಿ ಅಂತಾರಾಷ್ಟ್ರೀಯ ಹಣಕಾಸು ನಿಧಿ ಮತ್ತು ವಿಶ್ವಬ್ಯಾಂಕ್‌ಗಳಿಗೆ ಅಸ್ತಿಭಾರ ಹಾಕಿದ್ದು ಇಲ್ಲಿಯೇ, ಭಾರತದ ಪರವಾಗಿ ಬಂದವರಲ್ಲಿ ರಿಸರ್ವ್ ಬ್ಯಾಂಕಿನ ಗವರ್ನರ್ ಸಿ. ಡಿ. ದೇಶಮುಖರೂ ಇದ್ದರು.

ಬೇಸಿಗೆಯ ಋತುವು ಶರತ್ಕಾಲದ ಕಡೆಗೆ ಹಿಗ್ಗಲು ನೆರವಾದ ಕಾರಣಗಳಲ್ಲಿ ಒಂದು ಅನಿರೀಕ್ಷಿತವಾದುದು. ರ್‍ಯಾಗ್‌ವೀಡ್ ಎಂಬ ಕಳೆಗಿಡವು, ಕರ್ನಾಟಕದ ಹೊಲಗಳಲ್ಲಿ ಕಾಂಗ್ರೆಸ್ ಕಳೆ ಎಂದು ಕುಖ್ಯಾತವಾದ ಪಾರ್ಥೇನಿಯಂನ ಹತ್ತಿರದ ಸಂಬಂಧಿ. ಆಗಸ್ಟ್‌ನಲ್ಲಿ ಅದರ ಪರಾಗ ಹಾರಲು ತೊಡಗಿದರೆ, ಒಗ್ಗದವರಿಗೆ ಸೀನು, ಕಣ್ಣುರಿ, ಉಬ್ಬಸ ಮೊದಲ ಹೆಪ್ಪುಗಟ್ಟುವ ಚಳಿ ಬಿದ್ದು ಗಿಡ ಸಾಯುವ ತನಕ ಬಿಡುತ್ತಿರಲಿಲ್ಲ. ಹೇ ಫೀವರ್ ಎನ್ನುವ ಈ ತೊಂದರೆ ಬೆಟ್ಟದ ಗಾಳಿಯಲ್ಲಿ ಕಡಿಮೆಯಾಗುತ್ತದೆಂದು ಕಂಡುಕೊಂಡ ರೋಗಿಗಳು ವೈಟ್ ಮೌಂಟನ್ಸ್‌ನ ಬೆತ್ಲೆಹೆಮ್ ಊರಿನಲ್ಲಿ ನೆರೆದು 1874ರಲ್ಲಿ ತಮ್ಮದೇ ಆದ ರಾಷ್ಟ್ರೀಯ ಸಂಘವೊಂದನ್ನು ಕಟ್ಟಿಕೊಂಡರು. ಬೇರೆಯವರು ಊರಿಗೆ ಮರಳಿದ ಮೇಲೂ ಸೆಪ್ಟೆಂಬರ್ ಪೂರ್ತಿ ಉಳಿಯುತ್ತಿದ್ದ ಈ ಅತಿಥಿಗಳು ಬೆಟ್ಟ ಬಣ್ಣ ತಾಳುವುದನ್ನು ವರ್ಷವರ್ಷವೂ ಕಣ್ಣಾರೆ ಕಂಡರು, ಹೋಟೆಲುಗಳಿಗೂ ಬಾಗಿಲು ತೆರೆದಿಡಲು ಕಾರಣ ದೊರೆಯಿತು.

ಇದೇ ಅವಧಿಯಲ್ಲಿ ಕಣಿವೆಯ ಕೆಳಗಿನ ಬಯಲುಗಳಲ್ಲಿ ಮತ್ತೊಂದು ಬದಲಾವಣೆ ಸದ್ದಿಲ್ಲದೆ ನಡೆದಿತ್ತು. ಹತ್ತೊಂಬತ್ತನೆಯ ಶತಮಾನದ ಮಧ್ಯಭಾಗದ ಹೊತ್ತಿಗೆ ನ್ಯೂ ಹ್ಯಾಂಪ್‌ಶೈರ್ ಮತ್ತು ಅದರ ನೆರೆರಾಜ್ಯಗಳನ್ನೊಳಗೊಂಡ ನ್ಯೂ ಇಂಗ್ಲೆಂಡ್ ಪ್ರದೇಶದ ದಕ್ಷಿಣ ಮತ್ತು ಮಧ್ಯ ಭಾಗಗಳ ಅರ್ಧಕ್ಕಿಂತ ಹೆಚ್ಚು ನೆಲವನ್ನು ಹೊಲಕ್ಕೂ ಕುರಿಗಾವಲಿಗೂ ಬಯಲು ಮಾಡಲಾಗಿತ್ತು. ಹೊಲ ಹಸನು ಮಾಡುವಾಗ ಎದ್ದ ಕಲ್ಲುಗಳನ್ನು ರೈತರು ಗಾರೆಯಿಲ್ಲದೆ ಒಂದರ ಮೇಲೊಂದು ಪೇರಿಸಿ ಬೇಲಿಗೋಡೆ ಕಟ್ಟಿದರು. ಮಣ್ಣು ತೆಳುವಾದ ಆ ನೆಲಕ್ಕೆ ಪಶ್ಚಿಮದ ಓಹಾಯೊ ಮೊದಲಾದ ಕಡೆಯ ಫಲವತ್ತಾದ ಬಯಲು ಪೈಪೋಟಿಯಾದಾಗ, ರೈಲು ಅಲ್ಲಿನ ಧಾನ್ಯವನ್ನು ಅಗ್ಗವಾಗಿ ತಂದು ಸುರಿದಾಗ, ಗಿರಣಿ ಪಟ್ಟಣಗಳು ಕೂಲಿಗೆ ಕರೆದಾಗ, ಸಾವಿರಾರು ಕುಟುಂಬಗಳು ಹೊಲ ಬಿಟ್ಟು ಹೋದವು. 1899ರಲ್ಲಿ ನ್ಯೂ ಹ್ಯಾಂಪ್‌ಶೈರ್ ಗವರ್ನರ್ ಫ್ರ್ಯಾಂಕ್ ರಾಲಿನ್ಸ್ ಊರು ಬಿಟ್ಟವರನ್ನು ಕರೆಸಿಕೊಳ್ಳುವ ಓಲ್ಡ್ ಹೋಮ್ ವೀಕ್ ಎಂಬ ವಾರ್ಷಿಕ ಹಬ್ಬವನ್ನು ಆರಂಭಿಸಬೇಕಾಗಿ ಬಂದದ್ದು ಈ ನಷ್ಟದ ಅಳತೆಯನ್ನು ತಿಳಿಸುತ್ತದೆ. ಪಾಳುಬಿದ್ದ ಹೊಲಗಳಲ್ಲಿ ಕೆಂಪು ಮೇಪಲ್, ಬರ್ಚ್, ಪೈನ್ ತಾವಾಗಿಯೇ ಎದ್ದವು. ಈಗ ದಟ್ಟ ಕಾಡಿನ ನಡುವೆ ನಡೆಯುವವರಿಗೆ, ಎರಡೂ ಕಡೆ ದೊಡ್ಡ ಮರಗಳೇ ಇದ್ದರೂ, ಮಧ್ಯದಲ್ಲಿ ಯಾವುದನ್ನೂ ಕಾಯದ ಕಲ್ಲಿನ ಬೇಲಿಯೊಂದು ಪಾಚಿಗಟ್ಟಿ ನೇರವಾಗಿ ಸಾಗಿರುವುದು ಅಲ್ಲಲ್ಲಿ ಎದುರಾಗುತ್ತದೆ. ಅದು ಹೊಲದ ಮೇರೆಯಾಗಿತ್ತೆಂಬುದನ್ನು ಹೇಳಲು ಬೇರೆ ಶಾಸನ ಬೇಡ.

ಬೆಟ್ಟದ ಮೇಲಿನ ಕಾಡಿಗೆ ಒದಗಿದ ಗತಿ ಇದಕ್ಕಿಂತ ಕ್ರೂರವಾದುದು. 1867ರಲ್ಲಿ ನ್ಯೂ ಹ್ಯಾಂಪ್‌ಶೈರ್ ಸರಕಾರವು ಪರ್ವತಪ್ರದೇಶದಲ್ಲಿ ತನಗೆ ಉಳಿದಿದ್ದ ಸುಮಾರು 1.7 ಲಕ್ಷ ಎಕರೆ ಭೂಮಿಯನ್ನು ಅತ್ಯಲ್ಪ ಬೆಲೆಗೆ ಖಾಸಗಿಯವರಿಗೆ ಮಾರಿತು. ಅದು ಮರದ ತಿರುಳಿನಿಂದ ಕಾಗದ ಮಾಡುವ ಉದ್ಯಮ ಬೆಳೆಯುತ್ತಿದ್ದ ಕಾಲ. ಅಲ್ಲಿಯವರೆಗೆ ನಾಟಾಕ್ಕೆ ಯೋಗ್ಯವಾದ ದೊಡ್ಡ ಮರವನ್ನಷ್ಟೇ ಆರಿಸಿ ಕಡಿಯುತ್ತಿದ್ದವರಿಗೆ ಈಗ ಸಣ್ಣ ಮರವೂ ಹಣವಾಯಿತು. ಜೇಮ್ಸ್ ಎವರೆಲ್ ಹೆನ್ರಿ ಎಂಬ ಉದ್ಯಮಿ ಮೊದಲು ಝೀಲ್ಯಾಂಡ್ ಕಣಿವೆಯಲ್ಲಿ, 1890ರ ದಶಕದಿಂದ ಲಿಂಕನ್ ಪಟ್ಟಣವನ್ನು ಕೇಂದ್ರವಾಗಿಸಿಕೊಂಡು ಪೆಮಿಜೆವಾಸೆಟ್ ನದಿಯ ಪೂರ್ವ ಶಾಖೆಯ ಉದ್ದಕ್ಕೂ, ಮರ ಸಾಗಿಸುವ ಸ್ವಂತ ರೈಲುಹಳಿಗಳನ್ನೇ ಹಾಸಿ ಇಳಿಜಾರುಗಳನ್ನು ಬೋಳು ಮಾಡಿಸಿದನು. ಕಡಿದ ಮೇಲೆ ಬಿಟ್ಟುಹೋದ ರೆಂಬೆಕೊಂಬೆಗಳ ರಾಶಿಯನ್ನು ಅಲ್ಲಿ ಸ್ಲ್ಯಾಶ್ ಎನ್ನುತ್ತಾರೆ; ಒಣಗಿದ ಆ ರಾಶಿಗೆ ಉಗಿಬಂಡಿಯ ಕಿಡಿಯೋ ಸಿಡಿಲೋ ತಗುಲಿದರೆ ಮರದ ಜೊತೆಗೆ ಅದರಡಿಯ ಕೊಳೆತೆಲೆಯ ಮಣ್ಣೂ ಉರಿದುಹೋಗುತ್ತಿತ್ತು. ಝೀಲ್ಯಾಂಡ್ ಕಣಿವೆ 1886ರಲ್ಲಿ ಹಾಗೆ ಸುಟ್ಟಿತು. ಮಳೆಯಿಲ್ಲದೆ ಒಣಗಿದ 1903ರ ವಸಂತದಲ್ಲಂತೂ ರಾಜ್ಯದಲ್ಲಿ 80 ಸಾವಿರಕ್ಕೂ ಹೆಚ್ಚು ಎಕರೆ ಬೆಂಕಿಗೆ ತುತ್ತಾಯಿತು. ಥಾಮಸ್ ಕೋಲ್ ಕಂಡಿದ್ದ ಶರತ್ಕಾಲ ಆ ಇಳಿಜಾರುಗಳಲ್ಲಿ ಇರಲಿಲ್ಲ. ಇದ್ದದ್ದು ಕರಿಬೊಡ್ಡೆ ಮತ್ತು ಬೂದಿ.

ಇದನ್ನು ತಡೆಯಲು ಒಂದುಗೂಡಿದವರು ಬೇರೆ ಬೇರೆ ಹಿತಾಸಕ್ತಿಯವರು. 1876ರಲ್ಲಿ ಬಾಸ್ಟನ್ನಿನಲ್ಲಿ ಸ್ಥಾಪನೆಯಾಗಿದ್ದ ಅಪಲೇಚಿಯನ್ ಮೌಂಟನ್ ಕ್ಲಬ್ಬಿನ ಚಾರಣಿಗರಿಗೆ ಕಾಲುದಾರಿ ಬೇಕಿತ್ತು, ಹೋಟೆಲ್ ಒಡೆಯರಿಗೆ ನೋಟ ಬೇಕಿತ್ತು. 1901ರಲ್ಲಿ ಹುಟ್ಟಿದ ನ್ಯೂ ಹ್ಯಾಂಪ್‌ಶೈರ್ ಅರಣ್ಯ ಸಂರಕ್ಷಣಾ ಸಂಘದ ಪರವಾಗಿ ಅರಣ್ಯತಜ್ಞ ಫಿಲಿಪ್ ಏಯರ್ಸ್ ಊರೂರು ತಿರುಗಿ ಭಾಷಣ ಮಾಡಿದನು. ಆದರೆ ಸಂಸತ್ತಿನ ಕೆಳಮನೆಯ ಸ್ಪೀಕರ್ ಜೋಸೆಫ್ ಕ್ಯಾನನ್ ದೃಶ್ಯಸೌಂದರ್ಯಕ್ಕಾಗಿ ಸರಕಾರದ ಹಣ ಖರ್ಚು ಮಾಡುವುದನ್ನು ಕಟುವಾಗಿ ವಿರೋಧಿಸುತ್ತಿದ್ದನು. ಕೊನೆಗೆ ಗೆದ್ದ ವಾದ ನೀರಿನದು. ವೈಟ್ ಮೌಂಟನ್ಸ್‌ನಲ್ಲಿ ಹುಟ್ಟುವ ಪೆಮಿಜೆವಾಸೆಟ್ ಮುಂದೆ ಮೆರಿಮ್ಯಾಕ್ ನದಿಯಾಗುತ್ತದೆ. ಅದೇ ರಾಜ್ಯದ ಮ್ಯಾಂಚೆಸ್ಟರ್‌ನ ಆಮೊಸ್ಕೆಗ್ ಕಂಪನಿಯಂಥ ಜಗತ್ತಿನ ಅತಿ ದೊಡ್ಡ ಹತ್ತಿಗಿರಣಿಗಳು ಆ ನದಿಯ ಬಲದಿಂದ ನಡೆಯುತ್ತಿದ್ದವು. ಕಾಡು ಕಡಿದ ಬೆಟ್ಟದಿಂದ ಮಳೆ ಸುರಿದಾಗ ನೆರೆಯೂ ಬೇಸಿಗೆಯಲ್ಲಿ ನೀರಿನ ಕೊರತೆಯೂ ಬರುತ್ತವೆಂದು ಗಿರಣಿ ಪಟ್ಟಣಗಳು ಮನಗಂಡಾಗ, ಕಾಡಿನ ಪ್ರಶ್ನೆ ಉದ್ಯಮದ ಪ್ರಶ್ನೆಯಾಯಿತು. ರಾಜ್ಯಗಳ ನಡುವೆ ಹರಿಯುವ, ಹಡಗು ಸಾಗಬಲ್ಲ ನದಿಗಳ ಮೇಲೆ ಸಂವಿಧಾನ ಕೇಂದ್ರ ಸರಕಾರಕ್ಕೆ ಕೊಟ್ಟಿದ್ದ ಅಧಿಕಾರವೇ ಹೊಸ ಕಾನೂನಿಗೆ ಆಧಾರವಾಯಿತು.

ಆ ಕಾನೂನು, ಅಧ್ಯಕ್ಷ ವಿಲಿಯಂ ಹೊವರ್ಡ್ ಟ್ಯಾಫ್ಟ್ 1911ರ ಮಾರ್ಚ್ 1ರಂದು ಸಹಿ ಹಾಕಿದ ವೀಕ್ಸ್ ಕಾಯಿದೆ. ಅದನ್ನು ಮಂಡಿಸಿದ ಜಾನ್ ವಿಂಗೇಟ್ ವೀಕ್ಸ್ ಮ್ಯಾಸಚೂಸೆಟ್ಸ್‌ನ ಪ್ರತಿನಿಧಿಯಾದರೂ ಹುಟ್ಟಿದ್ದು ವೈಟ್ ಮೌಂಟನ್ಸ್‌ನ ಉತ್ತರಕ್ಕಿರುವ ಲ್ಯಾಂಕಾಸ್ಟರ್ ಊರಿನಲ್ಲಿ. ಅಮೆರಿಕದ ಪಶ್ಚಿಮದಲ್ಲಿ ಬಹಳಷ್ಟು ನೆಲ ಸರಕಾರದ ಕೈಯಲ್ಲಿಯೇ ಇದ್ದುದರಿಂದ 1891ರ ನಂತರ ಅರಣ್ಯಗಳನ್ನು ಘೋಷಣೆ ಮಾತ್ರದಿಂದ ಕಾದಿರಿಸಲು ಸಾಧ್ಯವಾಗಿತ್ತು; ಪೂರ್ವದಲ್ಲಿ ನೆಲವೆಲ್ಲ ಖಾಸಗಿಯಾಗಿ ಹೋಗಿದ್ದುದರಿಂದ ಅದನ್ನು ಕೊಂಡುಕೊಳ್ಳಬೇಕಾಗಿತ್ತು. ನದಿಮೂಲಗಳ ಭೂಮಿಯನ್ನು ರಾಜ್ಯಗಳ ಒಪ್ಪಿಗೆ ಪಡೆದು ಕೇಂದ್ರ ಸರಕಾರ ಕೊಳ್ಳಬಹುದೆಂದು ವೀಕ್ಸ್ ಕಾಯಿದೆ ವಿಧಿಸಿತು. ಹಾಗೆ ಕೊಂಡ ತುಂಡುಗಳನ್ನು ಸೇರಿಸಿ 1918ರ ಮೇ 16ರಂದು ಅಧ್ಯಕ್ಷ ವುಡ್ರೋ ವಿಲ್ಸನ್ ವೈಟ್ ಮೌಂಟನ್ ರಾಷ್ಟ್ರೀಯ ಅರಣ್ಯವನ್ನು ಘೋಷಿಸಿದನು. ಇಂದು ಅದರ ವಿಸ್ತಾರ ಎಂಟು ಲಕ್ಷ ಎಕರೆಗಳ ಸಮೀಪದಲ್ಲಿದೆ. ಇದೇ ಕಾಯಿದೆಯಿಂದ ಪೂರ್ವ ಅಮೆರಿಕದಲ್ಲಿ ಒಟ್ಟು ಸುಮಾರು ಎರಡು ಕೋಟಿ ಎಕರೆ ಕಾಡು ಸಾರ್ವಜನಿಕರದಾಯಿತು. ಹೆನ್ರಿಯ ಕಂಪನಿ ಬೋಳು ಮಾಡಿದ್ದ ಪೆಮಿಜೆವಾಸೆಟ್ ಕಣಿವೆಯ 45,000 ಎಕರೆಗಳನ್ನು 1984ರಲ್ಲಿ ಸಂಸತ್ತು ರಸ್ತೆ, ಯಂತ್ರಗಳಿಗೆ ಅವಕಾಶವಿಲ್ಲದ ವನ್ಯಪ್ರದೇಶವೆಂದು ಸಾರಿತು. ಲಿಂಕನ್‌ನಿಂದ ಆ ಕಣಿವೆಯೊಳಕ್ಕೆ ಹೋಗುವ ಅಗಲವಾದ, ಬಳುಕಿಲ್ಲದ ಕಾಲುದಾರಿ ನಿಜಕ್ಕೂ ಹಳೆಯ ಮರಸಾಗಣೆಯ ರೈಲುಮಾರ್ಗ. ಹಳಿಗಳ ಕೆಳಗಿದ್ದ ಮರದ ದಿಮ್ಮಿಗಳು ಇನ್ನೂ ಅಲ್ಲಲ್ಲಿ ನೆಲದಲ್ಲಿ ಹೂತಿದ್ದು, ನಡೆಯುವವರು ಅವುಗಳ ಅಂತರಕ್ಕೆ ಹೆಜ್ಜೆ ಹೊಂದಿಸಿಕೊಳ್ಳಬೇಕಾಗುತ್ತದೆ.

ಸುಟ್ಟ ನೆಲದಲ್ಲಿ ಮೊದಲು ಏಳುವ ಮರಗಳು ಬಿಸಿಲು ಬೇಡುವ, ಬೇಗ ಬೆಳೆಯುವ ಜಾತಿಯವು. ಬಿಳಿ ತೊಗಟೆಯ ಪೇಪರ್ ಬರ್ಚ್, ಗಾಳಿಗೆ ಎಲೆ ನಡುಗುವ ಆಸ್ಪೆನ್, ಪಿನ್ ಚೆರಿ ಇವು ಆ ಸಾಲಿನಲ್ಲಿ ಮುಖ್ಯವಾದವು. ಇವುಗಳ ಜೊತೆಗೂ ಹಿಂದೆಯೂ ಮೇಪಲ್‌ಗಳು ಬಂದವು. ಕಡುಹಸಿರಿನ ಸ್ಪ್ರೂಸ್ ನಿಂತಿದ್ದ ಎಷ್ಟೋ ಇಳಿಜಾರುಗಳಲ್ಲಿ ಈಗ ಬರ್ಚ್ ಮರಗಳ ಬಂಗಾರದ ಬಣ್ಣ ಹರಡಿರುವುದಕ್ಕೆ ಕೊಡಲಿ ಮತ್ತು ಬೆಂಕಿಯೇ ಪರೋಕ್ಷ ಕಾರಣ. ಕಾಡು ನಾಶವಾದದ್ದು ಒಳ್ಳೆಯದಾಯಿತೆಂದು ಇದರಿಂದ ಹೇಳಬಾರದು. ಮಣ್ಣೇ ಸುಟ್ಟುಹೋದ ಕೆಲವು ತುದಿಗಳು ಇಂದಿಗೂ ಬೋಳಾಗಿವೆ. ಇದರಿಂದ ತಿಳಿಯಬೇಕಾದದ್ದು, ಪ್ರವಾಸಿಗಳು ಕಾಣುವ ಬಣ್ಣದ ಹಂಚಿಕೆಯು ಅನಾದಿಯಾದದ್ದಲ್ಲ, ಒಂದು ನಿರ್ದಿಷ್ಟ ಕಾಲದ ಗಾಯ ಮಾಯುವ ಹಂತದಲ್ಲಿ ಮೂಡಿದ್ದು ಎಂಬುದನ್ನು. ಪೇಪರ್ ಬರ್ಚ್ ದೀರ್ಘಾಯುಷಿಯಲ್ಲ. ನೂರು ವರ್ಷದ ಆಸುಪಾಸಿನಲ್ಲಿ ಅದು ಬಿದ್ದು, ಅದರ ನೆರಳಿನಲ್ಲಿ ಬೆಳೆದ ಬೇರೆ ಮರಗಳು ಸ್ಥಳ ಹಿಡಿಯುತ್ತವೆ. ಮುಂದಿನ ತಲೆಮಾರುಗಳು ಅದೇ ಬೆಟ್ಟದ ಮೇಲೆ ಬೇರೊಂದು ಶರತ್ಕಾಲವನ್ನು ನೋಡಲಿವೆ.

ಕಾಡು ಮತ್ತೆ ಎದ್ದರೂ ಸಾಮಾನ್ಯ ದುಡಿಮೆಗಾರರಿಗೆ ಅದನ್ನು ನೋಡಲು ಬಿಡುವು ಬೇಕಿತ್ತು. ವಾರಕ್ಕೆ ಆರು ದಿನ ದುಡಿಯುವುದು ರೂಢಿಯಾಗಿದ್ದ ಕಾಲದಲ್ಲಿ, 1908ರಲ್ಲಿ ನ್ಯೂ ಇಂಗ್ಲೆಂಡಿನ ಒಂದು ನೂಲಿನ ಗಿರಣಿಯು ಶನಿವಾರದ ಸಬ್ಬತ್ ಆಚರಿಸುವ ಯಹೂದಿ ಕಾರ್ಮಿಕರಿಗಾಗಿ ಐದು ದಿನಗಳ ವಾರವನ್ನು ಜಾರಿಗೆ ತಂದಿತೆಂದು ಕಾರ್ಮಿಕ ಚರಿತ್ರೆಯಲ್ಲಿ ಉಲ್ಲೇಖವಿದೆ. 1926ರಲ್ಲಿ ಹೆನ್ರಿ ಫೋರ್ಡ್ ತನ್ನ ಕಾರ್ಖಾನೆಗಳಲ್ಲಿ ಅದನ್ನು ಅನುಸರಿಸಿದನು. 1938ರ ನ್ಯಾಯಯುತ ದುಡಿಮೆ ಕಾಯಿದೆಯ ಮೂಲಕ 40 ಗಂಟೆಗಳ ವಾರ ದೇಶದ ಮಾನದಂಡವಾಯಿತು. ಕೊಲಂಬಸ್ ಅಮೆರಿಕದ ನೆಲ ಕಂಡ ನೆನಪಿಗೆ ಅಕ್ಟೋಬರ್ 12ರಂದು ಆಚರಿಸುತ್ತಿದ್ದ ದಿನವನ್ನು, 1968ರಲ್ಲಿ ಅಂಗೀಕೃತವಾಗಿ 1971ರಿಂದ ಜಾರಿಗೆ ಬಂದ ಏಕರೂಪ ಸೋಮವಾರ ರಜಾ ಕಾಯಿದೆಯು ಅಕ್ಟೋಬರ್‌ನ ಎರಡನೆಯ ಸೋಮವಾರಕ್ಕೆ ನಿಗದಿ ಮಾಡಿತು. ರಜೆಗಳನ್ನು ಸೋಮವಾರಕ್ಕೆ ಸೇರಿಸಿದರೆ ಕುಟುಂಬಗಳು ಜೊತೆಗೂಡಿ ಪ್ರಯಾಣ ಮಾಡಬಹುದೆಂಬುದು ಆ ಕಾಯಿದೆಯ ಉದ್ದೇಶಗಳಲ್ಲಿ ಒಂದು. ವೈಟ್ ಮೌಂಟನ್ಸ್‌ನ ಬಣ್ಣ ತುಂಬಿ ನಿಲ್ಲುವ ಕಾಲಕ್ಕೆ ಸರಿಯಾಗಿ ಮೂರು ದಿನದ ರಜೆ ಬೀಳುವಂತಾದದ್ದು ಹೀಗೆ. ಮೂಲನಿವಾಸಿಗಳ ನೋವನ್ನು ನೆನೆದು ಮೇನ್ ಮತ್ತು ವರ್ಮಾಂಟ್ ರಾಜ್ಯಗಳು 2019ರಲ್ಲಿ ಈ ದಿನವನ್ನು ಮೂಲನಿವಾಸಿಗಳ ದಿನವೆಂದು ಮರುನಾಮಕರಣ ಮಾಡಿವೆ.

ಆ ನೋವಿನ ಹೆಸರೊಂದು ರಸ್ತೆಯ ಮೇಲೆಯೂ ಉಳಿದಿದೆ. ಲಿಂಕನ್ ಮತ್ತು ಕಾನ್ವೇ ಪಟ್ಟಣಗಳ ನಡುವೆ ರಾಷ್ಟ್ರೀಯ ಅರಣ್ಯವನ್ನು ಸೀಳಿ ಹೋಗುವ 34.5 ಮೈಲಿಗಳ ಕಾಂಕಮಾಗಸ್ ಹೆದ್ದಾರಿ ಪೆನಕುಕ್ ಎಂಬ ಮೂಲನಿವಾಸಿ ಒಕ್ಕೂಟದ ಕೊನೆಯ ನಾಯಕನ ಹೆಸರು ಹೊತ್ತಿದೆ; ಇಂಗ್ಲಿಷ್ ವಲಸಿಗರೊಂದಿಗೆ ಶಾಂತಿ ಬಯಸಿ ವಿಫಲನಾಗಿ, ಕಾದಾಡಿ, 1691ರ ಸುಮಾರಿಗೆ ತನ್ನ ಜನರೊಡನೆ ಉತ್ತರಕ್ಕೆ ಹೊರಟುಹೋದವನು ಅವನು. ಎರಡು ಕಡೆಯಿಂದ ಬಂದು ಕಾಡಿನಲ್ಲಿ ನಿಂತುಹೋಗಿದ್ದ ದಾರಿಗಳು 1959ರಲ್ಲಿ ಕೂಡಿದವು, 1964ರಲ್ಲಿ ಡಾಂಬರು ಬಿತ್ತು. ಸುತ್ತಲಿನ ನೆಲ ಸಾರ್ವಜನಿಕ ಅರಣ್ಯವಾದ್ದರಿಂದ ಈ ರಸ್ತೆಯ ಉದ್ದಕ್ಕೂ ಪೆಟ್ರೋಲ್ ಬಂಕಾಗಲಿ ಹೋಟೆಲಾಗಲಿ ಇಲ್ಲ. ವೀಕ್ಸ್ ಕಾಯಿದೆಯ ಪರಿಣಾಮವನ್ನು ಕಣ್ಣಿಗೆ ಕಾಣುವಂತೆ ತೋರಿಸುವ ಸ್ಥಳ ಇದಕ್ಕಿಂತ ಬೇರೆ ಬೇಡ. ಗ್ರ್ಯಾಂಡ್ ಹೋಟೆಲಿನಲ್ಲಿ ತಿಂಗಳುಗಟ್ಟಲೆ ತಂಗುವ ಶ್ರೀಮಂತರ ಜಾಗದಲ್ಲಿ, ಒಂದು ಕಾರು ಮತ್ತು ಎರಡು ರಾತ್ರಿಗಳ ಬಾಡಿಗೆ ಹೊಂದಿಸಿಕೊಂಡ ಗೆಳೆಯರು ಬಂದರು. 1965ರ ವಲಸೆ ಕಾಯಿದೆಯ ನಂತರ ಬಾಸ್ಟನ್ ಸುತ್ತಿನ ಆಸ್ಪತ್ರೆ, ವಿಶ್ವವಿದ್ಯಾಲಯ ಮತ್ತು ಕಂಪ್ಯೂಟರ್ ಉದ್ಯಮಗಳಿಗೆ ಬಂದು ನೆಲೆಸಿದ ಕನ್ನಡಿಗರೂ ಈ ಸಾಲಿಗೆ ಸೇರಿದ್ದಾರೆ. ಅವರ ಮಾತಿನಲ್ಲಿ ಇದು ಫಾಲ್ ಕಲರ್ಸ್ ನೋಡಲು ಹೋಗುವುದು; ಎಷ್ಟೋ ವರ್ಷಗಳಲ್ಲಿ ನವರಾತ್ರಿಯ ಆಸುಪಾಸಿನಲ್ಲಿಯೇ ಬರುವ ಈ ರಜೆಯಲ್ಲಿ ಬೊಂಬೆ ಕೂರಿಸಿದ ಮನೆಯವರು ಬುತ್ತಿ ಕಟ್ಟಿಕೊಂಡು ಬೆಟ್ಟಕ್ಕೆ ಹೋಗಿಬರುವುದೂ ವಾಡಿಕೆಯಾಗಿದೆ.

ಕೊಂಡು ಕಾದ ಮಾತ್ರಕ್ಕೆ ಕಾಡು ಕ್ಷೇಮವಾಗಿ ಉಳಿಯುವುದಿಲ್ಲವೆಂಬುದನ್ನು ತೋರಿಸಿಕೊಟ್ಟದ್ದು ಇದೇ ಅರಣ್ಯದೊಳಗೆ 1955ರಲ್ಲಿ ಸ್ಥಾಪನೆಯಾದ ಹಬರ್ಡ್ ಬ್ರೂಕ್ ಪ್ರಯೋಗಾರಣ್ಯ. ಅಲ್ಲಿ 1963ರಿಂದ ಮಳೆಯ ನೀರನ್ನು ಅಳೆದ ಜೀನ್ ಲೈಕನ್ಸ್, ಹರ್ಬರ್ಟ್ ಬೋರ್ಮನ್ ಮತ್ತು ಅವರ ಸಹೋದ್ಯೋಗಿಗಳಿಗೆ ಅದು ಆಮ್ಲಯುಕ್ತವಾಗಿರುವುದು ಕಂಡಿತು. ದೂರದ ವಿದ್ಯುತ್ ಸ್ಥಾವರಗಳ ಕಲ್ಲಿದ್ದಲು ಹೊಗೆಯಿಂದ ಹುಟ್ಟುವ ಈ ಆಮ್ಲಮಳೆ ಮಣ್ಣಿನ ಕ್ಯಾಲ್ಸಿಯಂ ಅನ್ನು ತೊಳೆದೊಯ್ಯುತ್ತಿತ್ತು, ಶರತ್ಕಾಲದ ಕಿತ್ತಳೆ ಬಣ್ಣದ ಮುಖ್ಯ ಮರವಾದ ಶುಗರ್ ಮೇಪಲ್ ಅದರಿಂದ ಸೊರಗುತ್ತಿತ್ತು. 1990ರಲ್ಲಿ ವಾಯುಶುದ್ಧಿ ಕಾಯಿದೆಗೆ ತಿದ್ದುಪಡಿ ಬಂದು ಗಂಧಕದ ಹೊಗೆ ಇಳಿಯಿತು. 1999ರಲ್ಲಿ ವಿಜ್ಞಾನಿಗಳು ಒಂದು ಸಣ್ಣ ಜಲಾನಯನದ ಮೇಲೆ ಹೆಲಿಕಾಪ್ಟರ್‌ನಿಂದ ಕ್ಯಾಲ್ಸಿಯಂ ಖನಿಜವನ್ನು ಚೆಲ್ಲಿ ಕಾದಾಗ ಅಲ್ಲಿನ ಶುಗರ್ ಮೇಪಲ್ ಚೇತರಿಸಿಕೊಂಡದ್ದು ರೋಗದ ಕಾರಣವನ್ನು ದೃಢಪಡಿಸಿತು. ಎಲೆಯ ಬಣ್ಣಕ್ಕೆ ನೂರಾರು ಮೈಲಿ ದೂರದ ಹೊಗೆಕೊಳವೆಗಳೂ ಹೊಣೆಯೆಂಬ ಈ ತಿಳಿವಳಿಕೆ, ನದಿಯ ಕೊನೆಯಲ್ಲಿದ್ದ ಗಿರಣಿಗಳು ಬೆಟ್ಟದ ಕಾಡಿನ ಬಗ್ಗೆ 1911ಕ್ಕೆ ಮೊದಲು ಪಡೆದ ತಿಳಿವಳಿಕೆಯ ಮುಂದುವರಿಕೆಯೇ ಸರಿ.

ಜಾನ್ ವೀಕ್ಸ್ 1926ರಲ್ಲಿ ತೀರಿಕೊಂಡಾಗ ಸರಕಾರ ಕೊಂಡ ಇಳಿಜಾರುಗಳಲ್ಲಿ ಇದ್ದದ್ದು ಎಳೆಯ ಗಿಡಗಳು. ಆ ಕಾಯಿದೆಗಾಗಿ ದುಡಿದವರಲ್ಲಿ ಹೆಚ್ಚಿನವರು ತುಂಬಿದ ಕಾಡನ್ನು ಕಾಣುವ ಆಸೆಯನ್ನು ಇಟ್ಟುಕೊಳ್ಳುವಂತಿರಲಿಲ್ಲ, ಏಕೆಂದರೆ ಮರವೊಂದು ಬಲಿಯಲು ಬೇಕಾದ ವರ್ಷಗಳು ಅವರ ಆಯುಸ್ಸಿನಲ್ಲಿ ಉಳಿದಿರಲಿಲ್ಲ. ಅವರು ತಮ್ಮ ಕಾಲದ ತೆರಿಗೆಯ ಹಣವನ್ನು ಇನ್ನೂ ಹುಟ್ಟದವರ ಕಾಡಿಗೆ ತೊಡಗಿಸಿದರು. ಬಣ್ಣವನ್ನು ಪ್ರೀತಿಸುವುದನ್ನು ಚಿತ್ರಕಾರರು ಕಲಿಸಿದರು, ಬಿಡುವನ್ನು ಕಾರ್ಮಿಕರು ಹೋರಾಡಿ ಪಡೆದರು, ದಾರಿಯನ್ನು ಎಂಜಿನಿಯರುಗಳು ಕೂಡಿಸಿದರು, ಆದರೆ ನೋಡಲು ಕಾಡೇ ಇಲ್ಲದಿದ್ದರೆ ಇವಾವುದಕ್ಕೂ ಅರ್ಥವಿರುತ್ತಿರಲಿಲ್ಲ. ಆದ್ದರಿಂದ ವೈಟ್ ಮೌಂಟನ್ಸ್‌ನ ಶರತ್ಕಾಲವನ್ನು ನಿಸರ್ಗದ ಕೊಡುಗೆಯೆಂದಷ್ಟೇ ಎಣಿಸದೆ, ಕೆಡಿಸಿದ್ದನ್ನು ಸರಿಪಡಿಸಲು ಒಂದು ಸಮಾಜ ತಾಳ್ಮೆಯಿಂದ ಮಾಡಿದ ನಿರ್ಧಾರದ ಫಲವೆಂದೂ ಎಣಿಸಬೇಕು; ಬೋಳಾದ ಬೆಟ್ಟಗಳು ಎಲ್ಲೆಲ್ಲಿ ಇವೆಯೋ ಅಲ್ಲೆಲ್ಲ ಅಂಥ ನಿರ್ಧಾರ ಇಂದಿಗೂ ಸಾಧ್ಯವೆಂಬುದಕ್ಕೆ ಆ ಎಂಟು ಲಕ್ಷ ಎಕರೆಗಳೇ ಪ್ರಮಾಣ.